ಜಯಮ್ಮನ ಸಾವು ವಿಚಾರಿಸಲು ಹೋದ ಮೇಡಂ

ಮೇಡಂ ತೀರಿಕೊಂಡ ಬೆಳಿಗ್ಗೆ ಮಾಗಡಿಯಲ್ಲಿ ಅರ್ಧ ಜನ "ರೇಷ್ಮೆ ಮೇಡಂ ಹೋದರಂತೆ" ಎಂದರು, ಇನ್ನರ್ಧ ಜನ "ಪತ್ತೇದಾರಿ ಮೇಡಂ ಹೋದರಂತೆ" ಎಂದರು. ಇಬ್ಬರೂ ಒಬ್ಬರೇ ಎಂದು ಗೊತ್ತಿಲ್ಲದ ಕೆಲವರು ಒಂದೇ ದಿನ ಊರಿನಲ್ಲಿ ಎರಡು ಸಾವಾಯಿತಲ್ಲ ಎಂದು ಮರುಗಿದ್ದೂ ಉಂಟು. ಆ ಮಾತು ಕೇಳಿ ಅಷ್ಟು ದುಃಖದಲ್ಲೂ ನನಗೆ ನಗು ಬಂತು. ಅವರಿದ್ದಿದ್ದರೆ ಎಲ್ಲರಿಗಿಂತ ಮೊದಲು ತಾವೇ ನಗುತ್ತಿದ್ದರು.

ರೇಷ್ಮೆ ಇಲಾಖೆಯ ಮಾಗಡಿ ಕಚೇರಿಯಲ್ಲಿ ಅವರು ನನ್ನ ಮೇಲಧಿಕಾರಿ. ಕಲ್ಯದ ಬೇಸಾಯಗಾರರ ಮನೆಯ ಮಗಳು, ಓದಿ ಅಧಿಕಾರಿಯಾದವರು. ನಾನು ಕುದೂರಿನವನು, ಅವರ ಕೈಕೆಳಗೆ ಕೆಲಸಕ್ಕೆ ಸೇರಿದವನು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಾಗುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಅಚ್ಚಾದಾಗ ಏನು ರಾದ್ಧಾಂತವಾಯಿತು ಎಂಬುದು ಈ ಬರಹದಲ್ಲೇ ಬರುತ್ತದೆ.

ಆಳು ಗಿಡ್ಡ, ದನಿ ದೊಡ್ಡದು. ಹತ್ತಿ ಸೀರೆ, ಹೆಗಲಿಗೆ ಒಂದು ರೆಕ್ಸಿನ್ ಬ್ಯಾಗು. ಅದರೊಳಗೆ ಹುಳುವಿನ ರೋಗ ನೋಡುವ ಭೂತಗನ್ನಡಿ, ಒಂದು ಟವೆಲ್ಲು, ಮತ್ತು ಖಂಡಿತವಾಗಿ ಒಂದು ಪತ್ತೇದಾರಿ ಕಾದಂಬರಿ. ಇಲಾಖೆಯ ಜೀಪು ಹಳ್ಳಿಯ ರಸ್ತೆಯಲ್ಲಿ ಎಗರಿ ಎಗರಿ ಬೀಳುತ್ತಿದ್ದರೆ ನಮಗೆಲ್ಲ ಹೊಟ್ಟೆ ತೊಳಸುತ್ತಿತ್ತು. ಮೇಡಂ ಮಾತ್ರ ಕನ್ನಡಕವನ್ನು ಹಣೆಗೇರಿಸಿ, ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದು ಓದುತ್ತಲೇ ಇರುತ್ತಿದ್ದರು. ಕಥೆ ಬಿಗಿಯಾದರೆ ಡ್ರೈವರಿಗೆ "ಒಸಿ ನಿಲ್ಸಪ್ಪ" ಎನ್ನುವರು. ಜೀಪು ಸಾವನದುರ್ಗದ ದಾರಿಯ ಹುಣಸೆಮರದ ಕೆಳಗೆ ನಿಲ್ಲುತ್ತಿತ್ತು. ಆ ಅಧ್ಯಾಯ ಮುಗಿಯುವವರೆಗೆ ಸರ್ಕಾರದ ಕೆಲಸವೂ ನಿಲ್ಲುತ್ತಿತ್ತು. ಒಮ್ಮೆ ರಾಮನಗರದ ಸಾಹೇಬರು ಅದೇ ಹೊತ್ತಿಗೆ ಫೋನು ಮಾಡಿ ಎಲ್ಲಿದ್ದೀರಿ ಎಂದು ಕೇಳಿದರು. "ಇಲ್ಲೊಂದು ಕೊಲೆ ಆಗೈತೆ ಸಾರ್, ನೋಡ್ಕೊಂಡು ಬತ್ತೀನಿ" ಎಂದು ಮೇಡಂ ಫೋನು ಇಟ್ಟರು. ಸಾಹೇಬರು ಗಾಬರಿಯಿಂದ ಪೊಲೀಸರಿಗೆ ಹೇಳದಿದ್ದುದು ನಮ್ಮ ಪುಣ್ಯ.

ಪತ್ತೇದಾರಿ ಓದುವುದರಲ್ಲಿ ಅವರದೇ ಒಂದು ಕಟ್ಟಳೆ ಇತ್ತು. ಪುಸ್ತಕದ ಸರಿಯಾಗಿ ಅರ್ಧಕ್ಕೆ ಬಂದಾಗ ಓದು ನಿಲ್ಲಿಸಿ, ಯಾರಾದರೂ ಒಬ್ಬರನ್ನು ಕರೆದು ಅಪರಾಧಿ ಯಾರೆಂದು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಲೆಕ್ಕಕ್ಕಿಲ್ಲ. ಹೇಳಿದ ಮೇಲೆ ಮಾತು ಬದಲಾಯಿಸುವ ಹಾಗಿಲ್ಲ. ಹೆಚ್ಚಾಗಿ ಆ ಯಾರಾದರೂ ಒಬ್ಬ ನಾನೇ ಆಗಿರುತ್ತಿದ್ದೆ. ಇದರಲ್ಲಿ ವಿಚಿತ್ರವೆಂದರೆ, ಅವರು ಹೇಳಿದ್ದು ಸರಿಯಾದರೆ ಮಾರನೆಯ ದಿನ ಕಚೇರಿಯಲ್ಲಿ ಯಾರೂ ಅವರ ಹತ್ತಿರ ಸುಳಿಯುವಂತಿರಲಿಲ್ಲ. ಮುಖ ದುಮ್ಮೆಂದಿರುತ್ತಿತ್ತು. ತಪ್ಪಾದರೆ ಅಂದು ಕಚೇರಿಗೆಲ್ಲ ಒಬ್ಬಟ್ಟು ಬರುತ್ತಿತ್ತು. "ಸೋತೋದೆ ಕಣಪ್ಪ, ಚೆನ್ನಾಗಿ ಸೋಲಿಸ್ಬುಟ್ಟ" ಎಂದು ಬರೆದವರನ್ನು ಹೊಗಳಿಕೊಂಡು ತಾವೇ ಬಡಿಸುತ್ತಿದ್ದರು. ಸೋತದ್ದಕ್ಕೆ ಸಿಹಿ ಹಂಚುವ ಇನ್ನೊಬ್ಬರನ್ನು ನಾನು ಈವರೆಗೆ ಕಂಡಿಲ್ಲ.

ಅವರನ್ನು ಹೆಚ್ಚು ಸಲ ಸೋಲಿಸಿದವರು ಚನ್ನಪಟ್ಟಣದ ಒಬ್ಬ ಲೇಖಕರು. ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದವರು. ಅವರದೊಂದು ಪತ್ತೇದಾರಿ ಮಾಲೆ ಇದೆ. ಅದರ ನಾಯಕ ಪೊಲೀಸನಲ್ಲ, ವಕೀಲನಲ್ಲ, ಬೋರಯ್ಯನೆಂಬ ಅಮೀನ. ಅಂದರೆ ಕನಕಪುರದ ಕೋರ್ಟಿನಿಂದ ನೋಟಿಸು, ಸಮನ್ಸು ಹಿಡಿದು ಮನೆಮನೆಗೆ ಹೋಗಿ ಮುಟ್ಟಿಸುವವನು. ಯಾವ ಮನೆಗೆ ಹಿತ್ತಿಲ ಬಾಗಿಲು ಎಲ್ಲಿದೆ, ಅಮೀನ ಬಂದನೆಂದರೆ ಯಾರು ಯಾವ ಅಟ್ಟ ಹತ್ತುತ್ತಾರೆ, ಎಲ್ಲ ಅವನಿಗೆ ಗೊತ್ತು. ಅದೇ ಅವನ ಪತ್ತೇದಾರಿಕೆ. ಅವನ ಹೆಂಡತಿ ಜಯಮ್ಮ. ಪ್ರತಿ ಕಾದಂಬರಿಯಲ್ಲೂ ಒಂದು ಕಡೆ ಬೋರಯ್ಯ ದಾರಿ ಕಾಣದೆ ಮನೆಗೆ ಬಂದು ಊಟಕ್ಕೆ ಕೂರುತ್ತಾನೆ. ಜಯಮ್ಮ ಮುದ್ದೆ ಬಡಿಸುತ್ತ ಒಂದು ಪ್ರಶ್ನೆ ಕೇಳುತ್ತಾಳೆ, ಒಂದೇ ಪ್ರಶ್ನೆ. ಬೋರಯ್ಯ ಕೈ ತೊಳೆದು ಎದ್ದು ಹೊರಡುತ್ತಾನೆ.

ಈ ಜಯಮ್ಮನನ್ನು ಪುಸ್ತಕದಿಂದ ಹೊರಗೆ ಕರೆತಂದವರು ನಮ್ಮ ಮೇಡಂ. ಹುಳು ಸಾಕುವ ಮನೆಗಳಿಗೆ ಹೋದಾಗ ಅವರು ತಟ್ಟೆ ತಟ್ಟೆ ಪರೀಕ್ಷಿಸುತ್ತಲೇ ಅಲ್ಲಿದ್ದ ಹೆಂಗಸರಿಗೆ ಬೋರಯ್ಯನ ಕಥೆ ಹೇಳುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ, ಕಸ ತೆಗೆಯುತ್ತ ಆ ಹೆಂಗಸರು ಕೇಳುತ್ತಿದ್ದರು. ಕೊನೆಯನ್ನು ಮಾತ್ರ ಮೇಡಂ ಹೇಳುತ್ತಿರಲಿಲ್ಲ. "ಹುಳ ಹಣ್ಣಾಗಿ ಗೂಡು ಕಟ್ಟಲಿ, ಆವತ್ತು ಬಂದು ಹೇಳ್ತೀನಿ" ಎನ್ನುತ್ತಿದ್ದರು. ಕೊಲೆಗಾರ ಯಾರೆಂದು ತಿಳಿಯುವ ಆಸೆಗಾದರೂ ಆ ಹೆಂಗಸರು ಹುಳುಗಳನ್ನು ಜತನ ಮಾಡಿದರು ಎಂದು ನಾನು ಹೇಳಿದರೆ ನೀವು ನಂಬಲಿಕ್ಕಿಲ್ಲ. ನಮ್ಮ ವ್ಯಾಪ್ತಿಯ ಗೂಡಿಗೆ ರಾಮನಗರದ ಮಾರ್ಕೆಟ್ಟಿನಲ್ಲಿ ಒಳ್ಳೆಯ ಹೆಸರಿತ್ತು, ಅದಂತೂ ನಿಜ. ಹೀಗೆ ಪತ್ತೇದಾರಿಯ ಒಂದು ಸಾಲನ್ನೂ ಓದದ ಹೆಂಗಸರೂ ಜಯಮ್ಮನನ್ನು ಪಕ್ಕದ ಬೀದಿಯವಳಂತೆ ಬಲ್ಲವರಾದರು. ಮೇಡಂ ಜೀಪಿನಿಂದ ಇಳಿಯುವಷ್ಟರಲ್ಲಿ "ಜಯಮ್ಮ ಹೆಂಗವ್ಳೆ ಮೇಡಮ್ಮೋರೆ?" ಎಂದು ಕೇಳುವರು. "ಅವ್ಳಿಗೇನು, ಗುಂಡ್ಕಲ್ಲಂಗವ್ಳೆ" ಎಂದು ಮೇಡಂ ಹೇಳುವರು.

ಅದೇ ಲೇಖಕರ ಒಂಬತ್ತನೆಯ ಕಾದಂಬರಿ ಬಂತು.

ಮಾಗಡಿಯಲ್ಲಿ ನಮ್ಮದೊಂದು ಸಣ್ಣ ಓದುಗರ ಕೂಟ. ಬೋರಯ್ಯನ ಹೊಸ ಪುಸ್ತಕ ಬಂದಾಗ ಎಲ್ಲರೂ ಓದಿದ ಮೇಲೆ ಒಂದು ಶನಿವಾರ ಕಚೇರಿ ಮುಗಿದ ನಂತರ ಸೇರಿ ಮಾತಾಡುತ್ತಿದ್ದೆವು. ಕೂಟದಲ್ಲಿ ಒಬ್ಬ ವಕೀಲರಿದ್ದರು. ಯಾವ ವಿಷಯಕ್ಕೂ ಮೊದಲು ಬಾಯಿ ಹಾಕಬೇಕು ಅವರಿಗೆ. ಒಂಬತ್ತನೆಯದನ್ನು ಅವರು ಬಾಯಿ ತುಂಬ ಹೊಗಳಿದರು. ಕಥೆ ಬೆಂಗಳೂರಿಗೆ ಹೋಗಿದೆ, ಓಟ ಇದೆ, ಬೋರಯ್ಯ ಎಲ್ಲೂ ಕೂತು ಊಟ ಮಾಡುವುದಿಲ್ಲ, ಒಂದು ಪುಟ ದಂಡವಿಲ್ಲ ಎಂದರು. ಬೇರೆಯವರೂ ಹೌದು ಹೌದು ಎಂದರು. ನಿಜ ಹೇಳಬೇಕೆಂದರೆ ನನಗೂ ಪುಸ್ತಕ ಹಿಡಿಸಿತ್ತು, ರಾತ್ರಿಯ ಊಟ ಬಿಟ್ಟು ಓದಿದ್ದೆ. ಮೇಡಂ ಊಹಿಸಿದ್ದು ತಪ್ಪಾಗಿತ್ತು, ಸೋತಿದ್ದರು. ಆದರೂ ಕಚೇರಿಗೆ ಒಬ್ಬಟ್ಟು ಬಂದಿರಲಿಲ್ಲ.

ಆ ಪುಸ್ತಕದ ಎರಡನೆಯ ಪ್ಯಾರಾದಲ್ಲಿ ಒಂದು ಸಾಲಿತ್ತು. ಜಯಮ್ಮ ತೀರಿಕೊಂಡು ವರ್ಷವಾಗಿತ್ತು, ಬೋರಯ್ಯ ಹೋಟೆಲಿನಲ್ಲಿ ಕಾಫಿ ಕುಡಿಯುವುದನ್ನು ರೂಢಿ ಮಾಡಿಕೊಂಡಿದ್ದ, ಎಂದು. ಅಷ್ಟೇ. ಮುಂದೆ ಎಲ್ಲೂ ಅವಳ ಸುದ್ದಿಯಿಲ್ಲ. ನಾವೆಲ್ಲ ಆ ಸಾಲನ್ನು ದಾಟಿಕೊಂಡು ಕೊಲೆಯ ಹಿಂದೆ ಓಡಿದ್ದೆವು.

ಮುಂದಿನ ವಾರ ಕುದೂರಿನ ಹತ್ತಿರದ ಒಂದು ಹುಳುಮನೆಗೆ ಹೋದೆವು. ಬಾಗಿಲಲ್ಲೇ ಎಂದಿನ ಪ್ರಶ್ನೆ ಬಂತು. ಮೇಡಂ ಸುಳ್ಳು ಹೇಳುವವರಲ್ಲ.

"ಜಯಮ್ಮ ತೀರ್ಕೊಂಡ್ಲು ಕಣವ್ವ" ಎಂದರು.

ಆ ಮನೆಯ ಯಜಮಾನಿ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. "ಅಯ್ಯೋ ಶಿವನೇ. ಏನಾಗಿತ್ತವ್ವ?"

"ಗೊತ್ತಿಲ್ಲ."

"ಆಸ್ಪತ್ರೆಗೆ ಸೇರ್ಸಿದ್ರಾ? ಮನೇಲೇ ಹೋದ್ಲಾ?"

"ಅದ್ಯಾವ್ದೂ ಬರ್ದಿಲ್ಲ."

"ಕೊನೇಗಾಲಕ್ಕೆ ಗಂಡ ಪಕ್ದಲ್ಲಿದ್ನಾ ಇಲ್ವಾ? ಅದಾದ್ರೂ ಹೇಳಿ ಮೇಡಮ್ಮೋರೆ."

ಮೇಡಂ ಭೂತಗನ್ನಡಿ ತೆಗೆದು ಒಂದು ಹುಳುವನ್ನು ಬಹಳ ಹೊತ್ತು ನೋಡಿದರು. ಆ ಹುಳುವಿಗೆ ಏನೂ ಆಗಿರಲಿಲ್ಲ. ಯಜಮಾನಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಷ್ಟು ದಿಸ ಅವನಿಗೆ ಬೇಯ್ಸಿ ಹಾಕಿದ್ಲು. ಹೆಂಗೆ ಹೋದ್ಲು ಅಂತ ಹೇಳೋಕೂ ಯಾರಿಗೂ ಬಿಡುವಿಲ್ವಾ" ಎಂದಳು. ಅವಳಿಗೆ ಕೋಪ ಬಂದಿದ್ದು ಯಾರ ಮೇಲೆ ಎಂದು ನನಗೆ ಆಗ ತಿಳಿಯಲಿಲ್ಲ, ನಮ್ಮ ಮೇಲೇ ಇರಬೇಕು ಎನ್ನಿಸಿತು.

ಜೀಪಿನಲ್ಲಿ ಮೇಡಂ ಪುಸ್ತಕ ತೆಗೆಯಲಿಲ್ಲ. ಮಾಗಡಿ ಬಂದಾಗ, "ಭಾನುವಾರ ಚನ್ನಪಟ್ಟಣಕ್ಕೆ ಹೋಗ್ಬೇಕು, ಜೊತೇಲಿ ಬತ್ತೀಯೇನಪ್ಪ?" ಎಂದರು. ಏನು ಕೆಲಸ ಎಂದು ಕೇಳಿದೆ. "ಸಾವಾಗಿರೋ ಮನೆ. ಮಾತಾಡುಸ್ಕೊಂಡು ಬರಾನ" ಎಂದರು. ಅವರ ನೆಂಟರು ಯಾರೋ ಇರಬೇಕೆಂದು ಹೊರಟೆ.

ಬಸ್ಸಿಳಿದು, ಅಲ್ಲಿ ಇಲ್ಲಿ ವಿಚಾರಿಸಿ, ಬೊಂಬೆ ಮಾಡುವವರ ಬೀದಿಯ ಹಿಂದಿನ ಒಂದು ಮನೆ ಮುಂದೆ ನಿಂತೆವು. ಲೇಖಕರ ಮನೆ. ಬಾಗಿಲು ತೆರೆದವರು ಲೇಖಕರ ಹೆಂಡತಿ, ದುಂಡಗೆ ನಗುವ ಹೆಂಗಸು. ಓದುಗರೆಂದು ತಿಳಿದು ಸಂತೋಷದಿಂದ ಒಳಗೆ ಕೂರಿಸಿ ಕಾಫಿಗೆ ಇಡಲು ಹೊರಟರು. ಮೇಡಂ ಕೈ ಅಡ್ಡ ಮಾಡಿ, "ಬ್ಯಾಡಿ ತಾಯಿ. ಸಾವಾದ ಮನೇಲಿ ಕಾಫಿ ಕುಡ್ಯಾಕಾಯ್ತದಾ?" ಎಂದರು.

ಆ ಹೆಂಗಸಿನ ಮುಖ ಬೆಳ್ಳಗಾಯಿತು. "ಯಾರು ಸತ್ತಿದ್ದು? ಯಾರಾದ್ರೂ ಫೋನ್ ಮಾಡಿದ್ರಾ?" ಎಂದು ಗಂಡನನ್ನು ಕೂಗಿದರು. ಲೇಖಕರು ಒಳಕೋಣೆಯಿಂದ ಪಂಚೆ ಸರಿಮಾಡಿಕೊಳ್ಳುತ್ತ ಓಡಿಬಂದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಮೇಡಂ ಮಾತ್ರ ತಲೆಯ ಮೇಲೆ ಸೆರಗು ಹೊದ್ದುಕೊಂಡು, ದೊಡ್ಡ ದನಿಯನ್ನು ತಗ್ಗಿಸಿ, ನಮ್ಮ ಕಡೆ ಸಾವಿನ ಮನೆಯಲ್ಲಿ ಕೇಳುವ ಹಾಗೇ ಕೇಳಿದರು.

"ಏನಾಗಿತ್ತು ಸಾರ್ ಜಯಮ್ಮಂಗೆ?"

ಲೇಖಕರು ಮೊದಲು ನಕ್ಕರು. ಮೇಡಂ ನಗಲಿಲ್ಲ. ಲೇಖಕರ ನಗೆ ಅಲ್ಲೇ ನಿಂತಿತು.

"ನೋವೇನಾದ್ರೂ ತಿಂದ್ಲಾ? ಮಾತಾಡಿದ್ಲಾ? ಕುದೂರು ಕಡೆ ನಮ್ ಹೆಣ್ಮಕ್ಳು ಕೇಳ್ತಾವ್ರೆ. ನನ್ಗೆ ಹೇಳಾಕೆ ಬರ್ನಿಲ್ಲ. ಅದ್ಕೇ ನಿಮ್ಮನ್ನೇ ಕೇಳ್ಕೊಂಡು ಹೋಗಾನ ಅಂತ ಬಂದೆ."

ಲೇಖಕರು ಕುರ್ಚಿಯಲ್ಲಿ ಕೂತರು. "ಕಥೆ ಓಡಬೇಕಿತ್ತು ತಾಯಿ. ಅವಳಿದ್ದರೆ ಬೋರಯ್ಯ ಮನೆಗೆ ಬರಬೇಕಾಗುತ್ತದೆ" ಎಂದು ಮೆಲ್ಲಗೆ ಹೇಳಿದರು. ಹೆಡ್‌ಮಾಸ್ಟರಾಗಿದ್ದ ಮನುಷ್ಯ, ಆಗ ಅವರೇ ಹೋಮ್‌ವರ್ಕ್ ಮಾಡದ ಹುಡುಗನಂತೆ ಕಂಡರು. ಮೇಡಂ ವಾದಕ್ಕೆ ಇಳಿಯಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದರು. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಎನ್ನಬಾರದಲ್ಲ, ಅನ್ನಲಿಲ್ಲ. ಮೆಟ್ಟಿಲಿಳಿದು ಬಂದುಬಿಟ್ಟರು. ಬಾಗಿಲಲ್ಲಿ ಲೇಖಕರ ಹೆಂಡತಿ ಗಂಡನನ್ನು ನೋಡುತ್ತ ನಿಂತಿದ್ದರು. ನನಗೆ ಕೇಳಿಸಿದ್ದು ಇಷ್ಟು: "ನಾನೂ ಓದುವಾಗ ಅದೇ ಕೇಳಿದೆ. ನೀವು ಉತ್ತರಾನೇ ಕೊಡಲಿಲ್ಲ."

ಮಾಗಡಿಗೆ ಬಂದ ಮೇಲೆ ಮೇಡಂ ತಮ್ಮ ಮನೆ ಮುಂದಿನ ನಲ್ಲಿಯಲ್ಲಿ ಕಾಲು ತೊಳೆದುಕೊಂಡೇ ಒಳಗೆ ಹೋದರು. ನನಗೂ ತೊಳೆದುಕೋ ಎಂದರು. ತೊಳೆದುಕೊಂಡೆ.

ಈ ಸುದ್ದಿ ಕೂಟದಲ್ಲಿ ಹಬ್ಬಿದಾಗ ವಕೀಲರು ಹೊಟ್ಟೆ ಹಿಡಿದು ನಕ್ಕರು. "ಪುಸ್ತಕದಲ್ಲಿ ಸತ್ತವಳಿಗೆ ಸೂತಕ ಹಿಡಿದವರನ್ನು ಇವತ್ತು ನೋಡಿದೆ" ಎಂದರು. ಮೇಡಂ ನಕ್ಕು, "ನೀವು ವಕೀಲ್ರು, ಕಕ್ಷಿಗಾರ ಸತ್ರೂ ಮುಂದಿನ ತಾರೀಕು ಕೇಳ್ತೀರಿ" ಎಂದರು. ನಾನು ಮನೆಯಲ್ಲಿ ಒಂಬತ್ತನೆಯ ಪುಸ್ತಕವನ್ನು ಮತ್ತೆ ತೆಗೆದು ನೋಡಿದೆ. ಆ ಒಂದು ಸಾಲನ್ನು ದಾಟಿ ಮುಂದೆ ಹೋಗಲು ಈ ಸಲ ನನ್ನಿಂದ ಆಗಲಿಲ್ಲ.

ಮಾರನೆಯ ವರ್ಷ ಹತ್ತನೆಯದು ಬಂತು. ತೆರೆದರೆ ಮೊದಲ ಪುಟದಲ್ಲಿ ಅರ್ಪಣೆ, ಮೇಡಂ ಹೆಸರು, ಕೆಳಗೆ ಮಾಗಡಿ ಎಂದು ಊರು. ನಮ್ಮ ಸಡಗರ ಹೇಳತೀರದು. ಕಚೇರಿಯ ಮುಂದೆ ಫ್ಲೆಕ್ಸು ಹಾಕಿಸೋಣ ಎಂದು ಡ್ರೈವರು ಹೊರಟೇಬಿಟ್ಟಿದ್ದ. ಕಲ್ಯದಿಂದ ಮೇಡಂ ಅಣ್ಣ ಫೋನು ಮಾಡಿ, "ನಮ್ಮನೆ ಹೆಣ್ಮಗಳ ಹೆಸ್ರು ಪುಸ್ತಕದಲ್ಲಿ ಬಂದೈತಂತಲ್ಲಪ್ಪ" ಎಂದು ನನ್ನ ಹತ್ತಿರ ಖಾತ್ರಿ ಮಾಡಿಕೊಂಡರು. ರಾಮನಗರದಲ್ಲಿ ಬಿಡುಗಡೆಯ ಸಮಾರಂಭ, ಪುಸ್ತಕದ ಬಗ್ಗೆ ಮಾತಾಡಲು ಮೇಡಂಗೇ ಕರೆ. ಜಯಮ್ಮ ಹೇಗೆ ಸತ್ತಳೆಂದು ಇದರಲ್ಲಿ ಬರೆದಿದ್ದಾರೆ ಎಂಬ ಸುದ್ದಿಯೂ ಬಂತು. ಇನ್ನೇನು ಬೇಕು?

ನಾವು ತೆರೆದು ನೋಡಿದ್ದು ಸಮಾರಂಭಕ್ಕೆ ಮೊದಲೇ ಮೇಡಂಗೆ ಕಳಿಸಿದ್ದ ಪ್ರತಿ. ಓದಿ ಮುಗಿಸಿದ ಮಾರನೆಯ ದಿನ ಕಚೇರಿಗೆ ಬಂದಾಗ ಅವರ ಮುಖ ನೋಡಿದೆ. ದುಮ್ಮೆಂದಿತ್ತು.

"ಏನ್ ಮೇಡಂ, ಸಿಕ್ಕಿಬಿದ್ನಾ?"

"ಅರ್ಧದವರ್ಗೂ ಬರ್ನಿಲ್ಲ ಕಣಪ್ಪ. ಶುರುವಲ್ಲೇ ಸಿಕ್ಬುಟ್ಟ" ಎಂದರು. ಆಮೇಲೆ, "ಜಯಮ್ಮನ್ನ ಚೆನ್ನಾಗಿ ಕಳ್ಸಿಕೊಟ್ಟವ್ರೆ. ಓದಿ ಅತ್ತೆ. ಆದ್ರೆ ಕಥೆ ಸತ್ತೋಗೈತೆ" ಎಂದರು.

ವೇದಿಕೆಯ ಮೇಲೆ ಏನು ಹೇಳುತ್ತೀರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರ ಅಣ್ಣನಿಗಿತ್ತು. ರಾಮನಗರಕ್ಕೆ ಹೋಗುವ ದಿನ ಕಾರಿನಲ್ಲಿ ಅವರು, "ಅವರು ಮರ್ಯಾದೆ ಕೊಟ್ಟವ್ರೆ, ನೀನೂ ಮರ್ಯಾದೆ ಕೊಡು. ಚೆನ್ನಾಗೈತೆ ಅಂದ್ಬುಟ್ಟು ಕೂತ್ಕೋ ತಾಯಿ" ಎಂದರು. ಮೇಡಂ ಕಿಟಕಿಯ ಆಚೆ ನೋಡುತ್ತಿದ್ದರು. ಅವರ ಕೈ ಬೆವೆತಿದ್ದು, ಮತ್ತೆ ಮತ್ತೆ ಟವೆಲ್ಲಿಗೆ ಒರೆಸಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು. ಜಿಲ್ಲೆಯ ದೊಡ್ಡ ಅಧಿಕಾರಿಗಳ ಎದುರಿಗೂ ಬೆವರದ ಹೆಂಗಸು ಅವರು. ಒಬ್ಬ ಒಳ್ಳೆಯ ಮನುಷ್ಯ ತನ್ನ ಮಾತಿಗೆ ಬೆಲೆ ಕೊಟ್ಟು ಪುಸ್ತಕವನ್ನೇ ತಿದ್ದಿದ್ದಾನೆ, ತನ್ನ ಹೆಸರಿಗೆ ಬರೆದಿದ್ದಾನೆ. ಆ ಮನುಷ್ಯನ ಎದುರಿಗೆ, ಅವನ ಕಡೆಯ ಜನರ ಎದುರಿಗೆ, ಪುಸ್ತಕ ಚೆನ್ನಾಗಿಲ್ಲ ಎನ್ನಬೇಕು. ಇಲ್ಲವೇ ಸುಳ್ಳು ಹೇಳಬೇಕು.

ಸಭೆ ತುಂಬಿತ್ತು. ಶಾಲು ಹೊದಿಸಿದರು, ಹಾರ ಹಾಕಿದರು, ಚನ್ನಪಟ್ಟಣದ ಒಂದು ಬಣ್ಣದ ಕುದುರೆ ಬೊಂಬೆ ಕೊಟ್ಟರು. ಮೇಡಂ ಮೈಕಿನ ಮುಂದೆ ನಿಂತರು. ಮೈಕು ಅವರಿಗಿಂತ ಎತ್ತರವಿತ್ತು. ಯಾರೋ ಬಂದು ತಗ್ಗಿಸಿದರು.

"ಜಯಮ್ಮನ ಸಾವನ್ನ ಸಾರ್ ಬರ್ದವ್ರೆ" ಎಂದು ಶುರುಮಾಡಿದರು. "ನಮ್ ಹುಳುಮನೆ ಹೆಣ್ಮಕ್ಳಿಗೆ ಓದಿ ಹೇಳ್ದೆ. ಅವ್ರೆಲ್ಲ ಸೇರಿ ಅತ್ರು. ಕೊನೆ ಗಳಿಗೇಲಿ ಗಂಡ ಪಕ್ದಲ್ಲಿದ್ದ ಅಂತ ಗೊತ್ತಾದ್ಮೇಲೆ ಸಮಾಧಾನ ಪಟ್ಕೊಂಡ್ರು. ಅವರೆಲ್ಲರ ಪರವಾಗಿ ಸಾರ್‌ಗೆ ಕೈ ಮುಗೀತೀನಿ." ಲೇಖಕರ ಕಡೆ ತಿರುಗಿ ಕೈ ಮುಗಿದರು. ಚಪ್ಪಾಳೆ ಬಿತ್ತು. ಅವರ ಅಣ್ಣ ಉಸಿರು ಬಿಟ್ಟರು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರಿಗೂ ಚೆಂದವಿತ್ತು.

"ಆದ್ರೆ ಪುಸ್ತಕ ನನಗೆ ಹಿಡಿಸ್ನಿಲ್ಲ ಸಾರ್" ಎಂದರು ಮೇಡಂ. "ಕೊಲೆ ಮಾಡ್ದೋನು ಮೊದಲ್ನೇ ಸಲ ಬಾಗ್ಲು ತೆಗೆದಾಗ್ಲೇ ನನಗೆ ಗೊತ್ತಾಗೋಯ್ತು. ಬೋರಯ್ಯಂಗೆ ಗೊತ್ತಾಗೋಕೆ ಇಡೀ ಪುಸ್ತಕ ಬೇಕಾಯ್ತು. ನಿಮ್ ಬೋರಯ್ಯ ಅಷ್ಟು ದಡ್ಡ ಅಲ್ಲ. ನೀವು ಈ ಪುಸ್ತಕ ಬರೀವಾಗ ಕಳ್ಳನ್ನ ಬಚ್ಚಿಡೋ ಕಡೆ ಗಮನ ಕೊಡ್ನಿಲ್ಲ, ನನ್ನ ಸಮಾಧಾನ ಮಾಡೋ ಕಡೆ ಗಮನ ಕೊಟ್ರಿ." ಮತ್ತೆ ಲೇಖಕರ ಕಡೆ ತಿರುಗಿದರು. "ನನ್ನ ಒಪ್ಸಾಕೆ ಬರೀಬ್ಯಾಡಿ ಸಾರ್. ನನಗೆ ಮೋಸ ಮಾಡಾಕೆ ಬರೀರಿ. ಮೋಸ ಹೋಗ್ಬೇಕು ಅಂತ್ಲೇ ನಾನು ಪತ್ತೇದಾರಿ ಓದೋದು."

ಬಂದು ಕೂತರು. ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, ಶಾಲು ಹೊದ್ದುಕೊಂಡು ಹೀಗೆನ್ನುವುದಾ ಎಂದರು. ಅಣ್ಣ ತಲೆ ತಗ್ಗಿಸಿದ್ದರು. ನಾನು? ನನಗೆ ಎದ್ದು ನಿಂತು ಕೂಗಿ ಹೇಳಬೇಕೆನ್ನಿಸಿತು, ಇವರು ನಮ್ಮ ಮೇಡಂ, ಇವರ ಕೈಕೆಳಗೆ ನಾನು ಕೆಲಸ ಮಾಡುತ್ತೇನೆ ಎಂದು. ಅಷ್ಟು ಹೆಮ್ಮೆ ನನ್ನ ಸ್ವಂತ ಯಾವ ಕೆಲಸಕ್ಕೂ ನನಗೆ ಆಗಿಲ್ಲ. ಲೇಖಕರು ಆ ದಿನ ಮಾತಾಡಲಿಲ್ಲ, ಗಂಟಲು ಸರಿಯಿಲ್ಲವೆಂದು ಕೈ ಮುಗಿದು ಬೇಗ ಹೊರಟುಹೋದರು.

ಅಲ್ಲಿಂದ ಮುಂದಿನದು ಕಷ್ಟದ ಕಾಲ. ಹನ್ನೊಂದನೆಯದು ಬರಲಿಲ್ಲ. ವರ್ಷಕ್ಕೊಂದು ಬರೆಯುತ್ತಿದ್ದವರು ಒಂದು ವರ್ಷ ಬರೆಯಲಿಲ್ಲ, ಎರಡನೆಯ ವರ್ಷವೂ ಬರೆಯಲಿಲ್ಲ. ಮಾಲೆ ಮುಗಿಯಿತಂತೆ ಎಂದು ವಕೀಲರು ಸುದ್ದಿ ತಂದರು. ಮುಗಿಸಿದವರು ಯಾರೆಂದು ಬಾಯಿಬಿಟ್ಟು ಹೇಳಲಿಲ್ಲ, ಮೇಡಂ ಕಡೆ ನೋಡಿದರು, ಅಷ್ಟೇ. ಇದರ ನಡುವೆ ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಎಲ್ಲರೂ ಅವರ ಕೆಲಸ ಹೊಗಳಿದರು, ಹುಳುಮನೆಗಳ ಹೆಂಗಸರು ಬಂದು ಕುಂಕುಮ ಇಟ್ಟು ಸೀರೆ ಕೊಟ್ಟರು. ಮೇಡಂ ನಗುನಗುತ್ತ ಇದ್ದರು. ಎಲ್ಲ ಮುಗಿದು ನಾವಿಬ್ಬರೇ ಉಳಿದಾಗ ಕೇಳಿದರು, "ಒಬ್ಬ ಬರ್ಯೋನ ಕೈನ ನಾನು ಕಟ್ಟಾಕ್ಬುಟ್ನೇನಪ್ಪ?"

"ಇಲ್ಲ ಮೇಡಂ, ನೀವು ನಿಜ ಹೇಳಿದ್ರಿ" ಎಂದೆ.

"ನಿಜ ಹೇಳೋಕೂ ಒಂದು ಜಾಗ ಐತೆ. ಅವರ ಮನೇಗೆ ಹೋಗಿ ಹೇಳ್ಬೋದಿತ್ತು. ಮೈಕಲ್ಲಿ ಹೇಳ್ಬುಟ್ಟೆ." ಬಂದ ಸೀರೆಯನ್ನು ಮಡಿಸಿಡುತ್ತ, "ಚೆನ್ನಾಗೈತೆ ಅಂತ ಮೈಕಲ್ಲಿ ಹೇಳಿ, ಚೆನ್ನಾಗಿಲ್ಲ ಅಂತ ಮನೇಲಿ ಹೇಳೋಕೆ ನನಗೆ ಬರ್ನಿಲ್ಲ" ಎಂದರು. ಆ ಕೊರಗು ಅವರನ್ನು ಬಿಡಲಿಲ್ಲ. ಬೇರೆಯವರ ಪತ್ತೇದಾರಿಗಳನ್ನು ಓದುತ್ತಿದ್ದರು, ಸೋಲುತ್ತಿದ್ದರು, ಗೆಲ್ಲುತ್ತಿದ್ದರು. ನಾನು ಮನೆಗೆ ಹೋದಾಗಲೆಲ್ಲ ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತಿತ್ತು: "ಚನ್ನಪಟ್ಟಣದ ಕಡೆ ಏನಾದ್ರೂ ಸುದ್ದಿ?"

ಹೋದ ಚಳಿಗಾಲದಲ್ಲಿ ಸುದ್ದಿ ಬಂತು. ಹನ್ನೊಂದನೆಯದು ಬಂದಿದೆ. ನಾನು ರಾಮನಗರದಲ್ಲಿ ಕೊಂಡು, ದಾರಿಯಲ್ಲಿ ಎಲ್ಲೂ ಬಿಡಿಸದೆ, ನೇರ ಮಾಗಡಿಗೆ ಹೋಗಿ ಅವರ ಕೈಗಿಟ್ಟೆ. ಮೇಡಂ ಮೊದಲು ಅರ್ಪಣೆಯ ಪುಟ ನೋಡಿದರು. ಅರ್ಪಣೆ ಇರಲಿಲ್ಲ. ಎಳೆಮಗುವಿನಂತೆ ನಕ್ಕರು. "ಈಗ ಸರಿಹೋಯ್ತು" ಎಂದು ಕನ್ನಡಕವನ್ನು ಹಣೆಗೇರಿಸಿ ಅಲ್ಲೇ ಓದಲು ಕೂತರು. ನನಗೆ ಕಾಫಿ ಕೊಡುವುದನ್ನೂ ಮರೆತರು. ನಾನೇ ಒಳಗೆ ಹೋಗಿ ಇಬ್ಬರಿಗೂ ಮಾಡಿಕೊಂಡೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಫೋನು ಬಂತು. ಕಥೆ ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ನಡೆಯುತ್ತದೆ, ಮಾಲೀಕನ ಸಾವು, ಸುತ್ತ ಮನೆಯವರು, ಕೆಲಸದವರು, ಒಬ್ಬ ಡಾಕ್ಟರು. ಮೇಡಂ ದನಿ ಖುಷಿಯಿಂದ ಎತ್ತರವಾಗಿತ್ತು.

"ಅರ್ಧಕ್ಕೆ ಬಂದಿವ್ನಿ ಕಣಪ್ಪ. ಏನು ಬರ್ದವ್ರೆ ಅಂತೀಯ. ಒಂದೊಂದು ಬಾಗ್ಲು ತೆಗೆದ್ರೂ ಒಳಗೆ ಇನ್ನೊಂದು ಬಾಗ್ಲು. ಕೇಳುಸ್ಕೋ, ಹೇಳ್ಬುಡ್ತೀನಿ. ಡಾಕ್ಟ್ರು. ಆ ಡಾಕ್ಟ್ರೇ."

"ಖಂಡಿತನಾ ಮೇಡಂ? ಬದಲಾಯ್ಸಂಗಿಲ್ಲ."

"ಬದಲಾಯ್ಸಲ್ಲ. ಆದ್ರೆ ಈ ಸಲ ನಾನು ಸೋಲ್ಬೇಕು ಅಂತ ಆಸೆ ಆಗೈತೆ. ನೋಡಾನ."

ಮಾರನೆಯ ಬೆಳಿಗ್ಗೆ ಹಾಲು ಕಾಯಿಸಲು ಎದ್ದವರು ಅಡುಗೆಮನೆಯಲ್ಲಿ ಕುಸಿದರು. ಹೃದಯಾಘಾತ. ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟರು. ಅವರ ತಲೆದಿಂಬಿನ ಪಕ್ಕದಲ್ಲಿದ್ದ ಪುಸ್ತಕವನ್ನು ಅಣ್ಣ ನನಗೆ ಕೊಟ್ಟರು. ಗುರುತಿನ ಹಾಳೆ ಅರ್ಧದಲ್ಲೇ ಇತ್ತು, ಅದರಿಂದ ಮುಂದೆ ಅವರು ಓದಿದ್ದಂತೆ ಕಾಣಲಿಲ್ಲ. ಒಂದು ವಾರ ನಾನು ಅದನ್ನು ಮುಟ್ಟಲಿಲ್ಲ. ಆಮೇಲೆ ಕೂತು ಕೊನೆಯವರೆಗೆ ಓದಿದೆ. ಕೊಲೆಗಾರ ಯಾರೆಂದು ನಾನಿಲ್ಲಿ ಹೇಳುವುದಿಲ್ಲ, ಓದದವರ ಸುಖ ಕೆಡಿಸಿದರೆ ಮೇಡಂ ನನ್ನನ್ನು ಕ್ಷಮಿಸುವುದಿಲ್ಲ. ಡಾಕ್ಟರಲ್ಲ ಎಂದಷ್ಟೇ ಹೇಳುತ್ತೇನೆ. ಪುಸ್ತಕ ಮುಚ್ಚಿ ಒಬ್ಬನೇ ಬಿಕ್ಕಿ ಬಿಕ್ಕಿ ಅತ್ತೆ.

ಕಲ್ಯದಲ್ಲಿ ತಿಥಿಯ ದಿನ ಲೇಖಕರು ಬಂದರು. ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ಊಟವಾದ ಮೇಲೆ ಶಾಮಿಯಾನದ ಒಂದು ಮೂಲೆಯಲ್ಲಿ ನನ್ನನ್ನು ಗುರುತಿಸಿ ಪಕ್ಕಕ್ಕೆ ಕರೆದರು. ಅತ್ತಿತ್ತ ನೋಡಿ ಕೇಳಿಯೇಬಿಟ್ಟರು.

"ಹೊಸದನ್ನು ಓದಿದ್ರಾ ಅವರು?"

"ಅರ್ಧ ಓದಿದ್ರು ಸಾರ್."

"ಯಾರು ಅಂದ್ರು?"

ಅರ್ಧಕ್ಕೆ ಹೇಳುವ ಅವರ ಕಟ್ಟಳೆ ಇವರಿಗೆ ಹೇಗೆ ಗೊತ್ತಾಯಿತೋ ನನಗೆ ತಿಳಿಯದು. ಮಾಗಡಿಯಲ್ಲಿ ಯಾವ ಮಾತು ತಾನೇ ಮನೆಯೊಳಗೆ ನಿಲ್ಲುತ್ತದೆ. "ಡಾಕ್ಟ್ರು ಅಂದ್ರು ಸಾರ್. ಸೋತರು" ಎಂದೆ.

ಲೇಖಕರು ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತ ನಿಂತರು. ತಲೆಯೆತ್ತಿದಾಗ ಅವರ ಕಣ್ಣು ತುಂಬಿತ್ತು.

"ಮೊದಲು ನಾನೂ ಡಾಕ್ಟ್ರೇ ಅಂತಲೇ ಬರೆದು ಮುಗಿಸಿದ್ದೆ ಕಣಯ್ಯ. ಅಚ್ಚಿಗೆ ಕೊಡೋ ಹೊತ್ತಿಗೆ, ಇದನ್ನು ಮಾಗಡಿಯ ಆ ಹೆಣ್ಣುಮಗಳು ಅರ್ಧಕ್ಕೇ ಹಿಡಿದುಹಾಕ್ತಾಳೆ ಅನ್ನಿಸಿತು. ಪೂರ್ತಿ ಹರಿದು ಹಾಕಿ ಮತ್ತೆ ಮೊದಲಿನಿಂದ ಬರೆದೆ. ಅದಕ್ಕೇ ಇಷ್ಟು ವರ್ಷ ಹಿಡೀತು."